ಬಾಯಿ ಬಿಡದ ಚೆಂಡು

ಈ ವರ್ಷದ ಆಟದಲ್ಲೂ ತಾವೇ ಗೆದ್ದರೆ ನನ್ನ ಹಿಟ್ಟಿನ ಗಿರಣಿಯನ್ನು ಮುಚ್ಚಿಸುವುದಾಗಿ ಗಡಿಯಾರ ರಿಪೇರಿಯ ವೆಂಕೋಬರಾಯರು ಚೌಕದಲ್ಲಿ ನಿಂತು ಹೇಳಿದರಂತೆ. ಹೇಳಿದಾಗ ನನಗೆ ಕೇಳಿಸಲಿಲ್ಲ, ಗಿರಣಿ ಓಡುತ್ತಿತ್ತು. ಬಳೆ ಅಂಗಡಿಯ ಗೆಳತಿ ಬಾನು ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲಿ ನಿಂತು ಬಾಯಿ ಆಡಿಸಿದಳು. "ಜೋರಾಗಿ ಹೇಳೇ!" ಅಂತ ಕೂಗಿದೆ. ಅವಳು ನನ್ನ ಕಿವಿಗೇ ಬಾಯಿಟ್ಟು ಕಿರುಚಿದಳು. ನಾನು ಕೈಯಲ್ಲಿದ್ದ ಗೋಧಿ ಡಬ್ಬ ಕೆಳಗಿಟ್ಟೆ. ಹುಟ್ಟಿದಾಗಿನಿಂದ ಗಿರಣಿಯಲ್ಲಿ ಒಂದು ಕಾಳೂ ಚೆಲ್ಲದ ಕೈ ನನ್ನದು, ಅವತ್ತು ಇಡುವಾಗ ಒಂದು ಹಿಡಿ ಚೆಲ್ಲಿತು.

ಆ ಗಿರಣಿ ನಮ್ಮಮ್ಮ ಹಾಕಿದ್ದು. ಗೋಣಿಚೀಲದ ಜೋಲಿಯಲ್ಲಿ ನನ್ನನ್ನು ಮಲಗಿಸಿ, ಒಂದು ಕಾಲಲ್ಲಿ ಜೋಲಿ ತೂಗುತ್ತಾ ಎರಡು ಕೈಯಲ್ಲಿ ಜೋಳ ಸುರಿಯುತ್ತಿದ್ದಳಂತೆ. ಮೋಟಾರು ನಿಂತರೆ ನಾನು ಎದ್ದು ಅಳುತ್ತಿದ್ದೆನಂತೆ. ಈಗ ನನಗೆ ನಲವತ್ತು ದಾಟಿದೆ, ಈಗಲೂ ಕರೆಂಟ್ ಹೋದರೆ ಎದೆ ಧಸಕ್ ಅನ್ನುತ್ತೆ. ಅಂಥದ್ದನ್ನು ಮುಚ್ಚಿಸ್ತಾರಂತೆ! ಹಿಟ್ಟು ಬೇಕಾದವರು ಪಕ್ಕದೂರಿಂದ ತಂದುಕೊಳ್ಳಲಿ ಅಂದರಂತೆ!

ನಮ್ಮೂರ ಪದ್ಧತಿ ಹಾಗಿದೆ. ಸುಗ್ಗಿ ಮುಗಿದ ಮೇಲೆ ಕೆರೆ ಬಯಲಲ್ಲಿ ಒಂಬತ್ತು ಕುಳಿಯ ಗಾಲ್ಫ್ ಆಟ; ಕಮ್ಮಿ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವರದು ಆ ಕುಳಿ. ಗೆದ್ದವರು ಊರಿಗೆ ಒಂದು ನಿಯಮ ಹಾಕಬಹುದು. ಅವರನ್ನು ಇನ್ನೊಬ್ಬರು ಸೋಲಿಸುವವರೆಗೂ ಅವರ ನಿಯಮ ನಡೆಯುತ್ತೆ. ಹಿಂದೆ ಹೂವಿನ ಬೀದಿಯ ಸಾವಂತ್ರಮ್ಮ ಗೆದ್ದಾಗ, ಪ್ರತಿ ಮನೆಯವರೂ ಬಾಗಿಲಾಚೆ ಒಂದು ಸ್ಟೂಲು ಇಡಬೇಕು, ಸುಸ್ತಾದವರು ಕೇಳದೆ ಕೂರಬಹುದು ಅಂತ ಮಾಡಿದ್ದಳು. ಅವಳಾದ ಮೇಲೆ ಗೆದ್ದ ಪುಣ್ಯಾತ್ಮನೊಬ್ಬ, ಬಡಿಸುವ ಮನಸ್ಸಿಲ್ಲದವರು ದಾರಿಯಲ್ಲಿ ಸಿಕ್ಕವರನ್ನು ಊಟ ಆಯ್ತಾ ಅಂತ ಕೇಳಕೂಡದು ಅಂತ ಮಾಡಿದ. ಒಂದು ವರ್ಷ ಊರಲ್ಲಿ ಮಾತೇ ಕಮ್ಮಿಯಾಗಿತ್ತು.

ಆಮೇಲೆ ಬಂದರು ನೋಡಿ ವೆಂಕೋಬರಾಯರು. ಏಳು ವರ್ಷ ಸತತವಾಗಿ ಗೆದ್ದರು, ಏಳು ನಿಯಮ ಹೇರಿದರು. ಮೊದಲು ಸೈಕಲ್ ಬೆಲ್ಲು ಬಾರಿಸಬಾರದು ಅಂದರು. ತಳ್ಳುಗಾಡಿಯವರು ಕೂಗಬಾರದು ಅಂದರು. ಹುಂಜಗಳನ್ನು ಕೆರೆಯಾಚೆ ಸಾಗಿಸಿದರು. ಕುಕ್ಕರಿನ ಸೀಟಿಗೆ ಬಟ್ಟೆ ಸುತ್ತಿಸಿದರು. ಮದುವೆ ವಾಲಗವನ್ನು ಊರ ಗಡಿಯಾಚೆ ಊದಿಸಿದರು. ಕೈಗೆ ಎರಡೆರಡೇ ಗಾಜಿನ ಬಳೆ ಅಂದಾಗ ಪಾಪ ನಮ್ಮ ಬಾನು ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಳು. ಹೋದ ವರ್ಷದ್ದಂತೂ ಕೇಳಲೇಬೇಡಿ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕು. ಇಷ್ಟೆಲ್ಲ ಯಾಕೆ ಅಂದರೆ, ಹೊರಗೆ ನಿಶ್ಶಬ್ದ ಇದ್ದರೆ ಮಾತ್ರ ಒಳಗೆ ನಿಶ್ಶಬ್ದ ಆಗೋದು ಅಂತ ಅವರ ವಾದ.

ವಾದಕ್ಕೆ ಎದುರು ಹೇಳೋಕೆ ಯಾರಿಗಾದರೂ ಎಲ್ಲಿ ಬಾಯಿತ್ತು? ಇಡೀ ಊರಲ್ಲಿ ಬಾಯಿ ಬಿಡದ ಚೆಂಡು ಅಂದರೆ ಅವರದೊಂದೇ. ಅವರು ಹೊಡೆದರೆ ಚೆಂಡು ಬೆಣ್ಣೆಯ ಹಾಗೆ ಹೋಗಿ ಬಾವುಟದ ಬುಡದಲ್ಲಿ ಕೂರುತ್ತಿತ್ತು, ಪಿಟಕ್ ಅನ್ನುತ್ತಿರಲಿಲ್ಲ. ಉಳಿದ ನಮ್ಮೆಲ್ಲರ ಚೆಂಡುಗಳೂ ಕೋಲು ತಾಗಿದ ಕೂಡಲೇ ಶುರು. ಹೊಡೆಯುವಾಗ ಮನಸ್ಸಲ್ಲಿ ಏನಿತ್ತೋ ಅದನ್ನು ಕೆರೆಯಾಚೆಗೂ ಕೇಳುವ ಹಾಗೆ ಹೇಳಿಕೊಂಡೇ ಹಾರುತ್ತವೆ. ಹೇಳೋದು ಹೇಳಲಿ, ಒಂದೊಂದು ಮಾತಿಗೂ ಒಂದೊಂದು ಕಡೆ ಸೊಟ್ಟಗೆ ತಿರುಗುತ್ತವಲ್ಲ, ಅದೇ ಕಷ್ಟ. ಅದಕ್ಕೇ ನಮ್ಮೂರಲ್ಲಿ ಹುಡುಗ ಹುಡುಗಿ ಒಪ್ಪಿಕೊಳ್ಳೋ ಮುಂಚೆ ಎರಡು ಕುಳಿ ಆಡಿಸುತ್ತಾರೆ. ಕೆಲವರು ಆಟ ಮುಗಿಸಿ ಹೂಹಾರ ತರೋಕೆ ಹೋಗ್ತಾರೆ, ಕೆಲವರು ಚಪ್ಪಲಿ ಹಾಕಿಕೊಂಡು ಮನೆಗೆ ಹೋಗ್ತಾರೆ.

ಚೆಂಡಿನ ಬಾಯಿ ಮುಚ್ಚಿಸೋಕೆ ಜನ ಮಾಡದ ಉಪಾಯ ಇಲ್ಲ. ಆಟದ ತೀರ್ಪು ಹೇಳುವ ಚೌಡಪ್ಪನವರು ಮಗ್ಗಿ ಹೇಳಿಕೊಂಡು ಹೊಡೆಯುತ್ತಿದ್ದರು. ಚೆಂಡು "ಹದಿಮೂರೇಳು ತೊಂಬತ್ತೊಂದು" ಅಂತ ಅರಚುತ್ತಾ ಕೆರೆಗೆ ಬೀಳುತ್ತಿತ್ತು. ಕುಂಬಾರಗೇರಿಯ ಒಬ್ಬ ಏನೂ ಯೋಚನೆ ಮಾಡಬಾರದು ಅಂತ ಹಟ ತೊಟ್ಟು ಹೊಡೆದ. ಅವನ ಚೆಂಡು "ಏನೂ ಯೋಚನೆ ಮಾಡ್ತಿಲ್ಲ, ಏನೂ ಯೋಚನೆ ಮಾಡ್ತಿಲ್ಲ" ಅಂತ ಹೇಳುತ್ತಾ ಹೋಗಿ ಎಮ್ಮೆಯ ಬೆನ್ನ ಮೇಲೆ ಬಿತ್ತು. ಹೀಗೆ ಒಬ್ಬೊಬ್ಬರೇ ಸೋತು ಸುಣ್ಣವಾಗಿ, ಈಚೆಗೆ ರಾಯರ ಎದುರು ನಿಲ್ಲುವವರೇ ಇರಲಿಲ್ಲ. ಹೋದ ವರ್ಷ ಅವರೊಬ್ಬರೇ ಒಂಬತ್ತೂ ಕುಳಿ ನಡೆದು, ಒಬ್ಬರೇ ಆಡಿ, ಒಬ್ಬರೇ ಗೆದ್ದು, ಟೋಪಿ ಸರಿ ಮಾಡಿಕೊಂಡು ಮನೆಗೆ ಹೋದರು.

ಇನ್ನು ನನ್ನ ಚೆಂಡಿನ ವಿಷಯ. ನಾನು ಆಡುತ್ತೇನೆ ಅಂದರೆ ಜನ ಚಾಪೆ ತಂದು, ಕಡಲೆಕಾಯಿ ಹಿಡಿದು ಕೂರುತ್ತಿದ್ದರು. ಬೇಳೆ ಹೊತ್ತಿತೇನೋ, ಅವಳು ಉಟ್ಟಿರೋದು ನನ್ನ ಸೀರೆ ಥರಾನೇ ಇದೆಯಲ್ಲ, ಕಾಲು ಇಟ್ಟಿದ್ದು ಸರಿಯಾಯ್ತಾ, ಅಯ್ಯೋ ಕೆರೆ ಕಡೆ ಹೋಗ್ತಿದೀನಿ, ನಿಲ್ಲೇ ನಿಲ್ಲೇ... ಇಷ್ಟನ್ನೂ ಒಂದೇ ಹೊಡೆತಕ್ಕೆ ಹೇಳುವ ಚೆಂಡು ನನ್ನದು. ಬಾಲಕ್ಕೆ ಬೆಂಕಿ ಬಿದ್ದ ಕೋತಿಯ ಹಾಗೆ ಓಡಾಡುತ್ತಿತ್ತು. ಅಪರೂಪಕ್ಕೆ ಒಂದು ಹೊಡೆತ ನೆಟ್ಟಗೆ ಹೋದರೆ ಸಂತೋಷ ತಡೆಯಲಾಗದೆ ಮುಂದಿನ ಚೆಂಡು "ನೋಡಿದ್ರಾ, ನೋಡಿದ್ರಾ" ಅಂತ ಕೇಳಿಕೊಂಡು ಪೊದೆಗೆ ನುಗ್ಗುತ್ತಿತ್ತು. ಒಂದು ಸಲ ಚೆನ್ನಾಗಿ ಹೊಡೆಯೋದು ಯಾರಿಗಾದರೂ ಬರುತ್ತೆ, ಮತ್ತೆ ಮತ್ತೆ ಹಾಗೇ ಹೊಡೆಯೋದು ನನಗೆ ಬರುತ್ತಿರಲಿಲ್ಲ.

ಅಂಥ ನಾನು ಅವತ್ತು ಸೆರಗು ಸಿಕ್ಕಿಸಿಕೊಂಡು ಚೌಕಕ್ಕೆ ಹೋಗಿ, "ರಾಯರೇ, ಈ ಸಲ ನಿಮ್ಮ ಎದುರು ನಾನು ನಿಲ್ತೀನಿ" ಅಂದುಬಿಟ್ಟೆ.

ಜನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ರಾಯರು ನಗಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದರು. "ನಿಜವಾಗ್ಲೂ ಬರ್ತೀಯೇನಮ್ಮ ಮಂಗಳಾ?" ಅಂದರು.

"ಬರ್ತೀನಿ ರಾಯರೇ. ನನ್ನ ಗಿರಣಿ ಉಳಿಸ್ಕೋಬೇಕು."

"ನಿನ್ ಮೇಲೆ ದ್ವೇಷ ಇಲ್ಲಮ್ಮ. ಒಂಬತ್ತನೇ ಕುಳಿ ನಿನ್ ಗಿರಣಿ ಎದುರಿಗೇ ಇದೆ. ಅಲ್ಲಿ ನಿಂತ್ರೆ ಆ ಸದ್ದಿಗೆ ನನ್ ಕೈ ನಡುಗತ್ತೆ" ಅಂದರು. ಆಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ವಾಚಿನ ಹೊಟ್ಟೆಯೊಳಗೆ ತಲೆ ತಗ್ಗಿಸಿದರು.

ಮನೆಗೆ ಬಂದು ಗಂಡ ಹಾಲೇಶನಿಗೆ ಹೇಳಿದೆ. ಅವನು ಮಾತು ಕಮ್ಮಿಯ ಮನುಷ್ಯ, ಹಿಟ್ಟು ಹಿಡಿದ ರೆಪ್ಪೆ ಬಡಿದು ಯೋಚನೆ ಮಾಡಿದ. "ಮಂಗಳಾ, ನೀನು ಮನಸ್ಸಲ್ಲಿ ಏನೂ ಇಟ್ಕೊಳಲ್ಲ, ಎಲ್ಲಾ ಹೇಳ್ಬಿಡ್ತೀಯ ಅಂತಾರೆ ಜನ. ಚೆಂಡಿಗೆ ಮತ್ತೆ ಅಷ್ಟೊಂದು ಮಾತು ಎಲ್ಲಿಂದ ಬರತ್ತೆ?" ಅಂದ. ಆಗ ನನಗೆ ಸಿಟ್ಟೇ ಬಂತು. ಗಿರಣಿ ಹೋಗೋ ಹೊತ್ತಲ್ಲಿ ಇವನದೊಂದು ಅಂತ ಬೈದು, ಕೋಲು ತೆಗೆದುಕೊಂಡು ಬಯಲಿಗೆ ನಡೆದೆ.

ದಿನಾ ಮಧ್ಯಾಹ್ನ ಬಾನು ಕೋಲಿನ ಚೀಲ ಹೊತ್ತು ಜೊತೆಗೆ ಬರುತ್ತಿದ್ದಳು. ಬಾಯಲ್ಲಿ ನೀರು ತುಂಬಿಕೊಂಡು ಹೊಡೆದೆ, ಚೆಂಡು "ನುಂಗಿಬಿಟ್ಟೆನೇನೋ" ಅಂತ ಹೇಳಿತು. ಉಸಿರು ಕಟ್ಟಿ ಹೊಡೆದೆ, ಕಣ್ಣು ಮುಚ್ಚಿ ಹೊಡೆದೆ. ರಾಯರ ಹಾಗೆ ಕಿವಿಗೆ ಹತ್ತಿ ತುರುಕಿಕೊಂಡು ಹೊಡೆದೆ, ಆಗಂತೂ ಒಳಗಿನ ಗಲಾಟೆ ಇನ್ನೂ ಜೋರಾಗಿ ಕೇಳಿಸಿತು. ಬಾನು ಹುಲ್ಲಿನ ಮೇಲೆ ಕೂತು, "ನಿನ್ ತಲೆಯಲ್ಲೂ ಒಂದು ಗಿರಣಿ ಐತೆ ಕಣೇ, ಅದನ್ನ ಯಾರ್ ಮುಚ್ಚಿಸ್ತಾರೆ?" ಅಂದಳು. ನನಗೆ ಅಳು ಬಂತು. ನಿಜ ಹೇಳ್ತೀನಿ, ಅವತ್ತು ಕೋಲು ಎಸೆದುಬಿಡುವ ಅಂತ ಇದ್ದೆ.

ಅದಾದ ಮಾರನೇ ದಿನವೇ ಆ ಮೆಣಸಿನಕಾಯಿ ಪ್ರಸಂಗ ಆಗಿದ್ದು. ಗಿರಣಿಯವರಿಗೆ ಗೊತ್ತು, ಮೆಣಸಿನಕಾಯಿ ಬೀಸಿದ ಕಲ್ಲಿಗೆ ಒಂದಿಷ್ಟು ಹಾಳು ಜೋಳ ಹಾಕಿ ಬೀಸಿ ಖಾರ ತೊಳೆದುಕೊಳ್ಳದೆ ಗೋಧಿ ಸುರಿಯಬಾರದು. ಅವತ್ತು ಬೆಳಿಗ್ಗೆ ಮದುವೆ ಮನೆಯೊಂದರ ಬ್ಯಾಡಗಿ ಬೀಸಿದ್ದೆ. ಕಲ್ಲು ತೊಳೆದಿಲ್ಲ ಅಂತ ಹಾಲೇಶನಿಗೆ ಹೇಳದೆ ಬಂದಿದ್ದೆ. ಒಂಬತ್ತನೇ ಕುಳಿಯ ಹತ್ತಿರ ಕೋಲು ಎತ್ತಿದ್ದೇನೆ, ಗಿರಣಿ ಬಾಗಿಲಲ್ಲಿ ಹಾಲೇಶ ಗೋಧಿ ಡಬ್ಬ ಎತ್ತುತ್ತಿರೋದು ಕಣ್ಣಿಗೆ ಬಿತ್ತು! "ರೀ! ಕಲ್ಲಲ್ಲಿ ಖಾರ ಇದೆ! ಗೋಧಿ ಹಾಕ್ಬೇಡಿ!" ಅಂತ ಹೊಟ್ಟೆಯ ಆಳದಿಂದ ಕೂಗಿದೆ. ಕೂಗಿದ ಉಸಿರಲ್ಲೇ ಎತ್ತಿದ ಕೋಲು ತಾನಾಗಿ ಇಳಿದು ಚೆಂಡಿಗೆ ತಾಗಿತು.

ಚೆಂಡು ಮಾತಾಡಲಿಲ್ಲ.

ಬಾನು ಎದ್ದು ನಿಂತಳು. ಚೆಂಡು ನೆಟ್ಟಗೆ, ನಮ್ಮಮ್ಮ ಎಳೆದ ರಂಗೋಲಿ ಗೆರೆಯಷ್ಟು ನೆಟ್ಟಗೆ ಹೋಗಿ, ಸಗಣಿ ಸಾರಿಸಿದ ಕುಳಿಯ ಅಂಗಳದಲ್ಲಿ ತುಪ್ ಅಂತ ಕೂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಏನ್ ಮಾಡ್ದೆ?" ಅಂದಳು. "ಗೊತ್ತಿಲ್ಲ ಕಣೇ, ಖಾರ ಇದೆ ಅಂದೆ." "ಮತ್ತೆ ಅನ್ನು!" ಮತ್ತೆ ಅಂದರೆ ಆಗಲಿಲ್ಲ, ಯಾಕೆಂದರೆ ಈಗ ಮನಸ್ಸಲ್ಲಿ ಖಾರ ಇರಲಿಲ್ಲ, ಸಂತೋಷ ಇತ್ತು. ಆಗ ತಟ್ಟನೆ ಹೊಳೆಯಿತು. "ಬಾನು, ನನಗೆ ಎಷ್ಟು ಖುಷಿಯಾಗ್ತಿದೆ ಅಂದ್ರೆ ಕುಣಿಬೇಕು ಅನ್ನಿಸ್ತಿದೆ!" ಅಂತ ಗಟ್ಟಿಯಾಗಿ ಹೇಳಿ ಹೊಡೆದೆ. ಅದೂ ಮೂಕ! ನಾನು ಹೇಳಿಬಿಟ್ಟಿದ್ದನ್ನು ಚೆಂಡು ಮತ್ತೆ ಹೇಳುತ್ತಿರಲಿಲ್ಲ. ಅದಕ್ಕೆ ಹೇಳೋಕೆ ಏನೂ ಉಳಿದಿರಲಿಲ್ಲ, ಅಷ್ಟೇ! ಇಡೀ ಊರು ಇಷ್ಟು ವರ್ಷ ಮನಸ್ಸಿಗೆ ಮುಚ್ಚಳ ಒತ್ತಿ ಹಿಡಿಯುತ್ತಿತ್ತು. ಮುಚ್ಚಳ ತೆಗೆದು ಬಗ್ಗಿಸಿದರೆ ಆಗುತ್ತಿತ್ತು.

ಹಾಲೇಶನಿಗೆ ಮೋಟಾರಿನ ಸದ್ದಲ್ಲಿ ನನ್ನ ಕೂಗು ಕೇಳಿಸಿರಲೇ ಇಲ್ಲ. ಅವತ್ತು ನಮ್ಮ ಬೀದಿಯವರೆಲ್ಲ ಖಾರದ ಚಪಾತಿ ತಿಂದು ಮೂಗು ಒರೆಸಿಕೊಂಡರು. ನಾನು ಮನೆಮನೆಗೆ ಹೋಗಿ ಬೈಸಿಕೊಂಡು ಬಂದೆ, ಮುಖದಲ್ಲಿ ನಗು ಮಾತ್ರ ಹೋಗಲಿಲ್ಲ.

ಸುಲಭ ಅಂದುಕೊಂಡರೆ ಕೆಟ್ಟಿರಿ. ಅರ್ಧ ಹೇಳಿದರೆ ಉಳಿದರ್ಧವನ್ನು ಚೆಂಡು ಹೇಳುತ್ತಿತ್ತು. ಒಂದು ದಿನ "ಬಾನು, ನಿನ್ನ ಹೊಸ ದುಪ್ಪಟ್ಟಾ ಚೆನ್ನಾಗಿದೆ" ಅಂತ ಹೇಳಿ ಹೊಡೆದೆ. ಚೆಂಡು ಹಾರುತ್ತಾ "ಬಣ್ಣ ಮಾತ್ರ ನಿನಗೆ ಒಪ್ಪಲ್ಲ" ಅಂದುಬಿಟ್ಟಿತು. ಬಾನು ಕೋಲಿನ ಚೀಲ ಅಲ್ಲೇ ಒಗೆದು ಹೋದಳು. ಸಂಜೆ ಮನೆಗೆ ಹೋಗಿ ಕಾಡಿ ಬೇಡಿ ಕರೆತಂದೆ. "ಇನ್ಮೇಲೆ ಪೂರ್ತಿ ಹೇಳು, ನಾನು ತಡ್ಕೋತೀನಿ" ಅಂದಳು. ಆಮೇಲೆ ನಾನು ಪ್ರತಿ ಹೊಡೆತಕ್ಕೂ ಒಂದೇ ಕ್ರಮ ಹಿಡಿದೆ. ಚೆಂಡಿನ ಹಿಂದೆ ನಿಲ್ಲೋದು, ಒಳಗಿರೋದನ್ನು ತಳ ಕಾಣುವವರೆಗೂ ಹೇಳೋದು, ಆಮೇಲೆ ಡಬ್ಬದಿಂದ ಕಾಳು ಸುರಿಯುವ ಹಾಗೆ ಅವಸರ ಮಾಡದೆ ಕೋಲು ಬೀಸೋದು. ಒಳ್ಳೆ ಹೊಡೆತವಾಗಲಿ, ಕೆಟ್ಟ ಹೊಡೆತವಾಗಲಿ, ಮುಂದಿನದಕ್ಕೆ ಮತ್ತೆ ಮೊದಲಿಂದ ಹಾಗೇ.

ಆಟದ ದಿನ ಬಂತು. ಊರಿಗೆ ಊರೇ ಬಯಲಲ್ಲಿ ಸೇರಿತ್ತು, ಸದ್ದು ಮಾತ್ರ ಇಲ್ಲ. ಒಂದೊಂದು ಬೀದಿಯವರು ತಮ್ಮ ತಮ್ಮ ಕುಳಿಯ ಅಂಗಳ ಸಾರಿಸಿ, ಸುತ್ತ ರಂಗೋಲಿ ಎಳೆದಿದ್ದರು. ರಾಯರು ಕೇಳಿಕೊಂಡಿದ್ದಕ್ಕೆ ಗಿರಣಿ ನಿಲ್ಲಿಸಿದ್ದೆ. ಅವರು ಬಿಳಿ ಷರ್ಟು ತೊಟ್ಟು, ಬಿಳಿ ಪಂಚೆ ಉಟ್ಟು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಬಂದಿದ್ದರು. ಚೆಂಡಿನ ಮುಂದೆ ನಿಂತು ಕೆಟ್ಟ ವಾಚನ್ನು ನೋಡುವ ಹಾಗೆ ಅದನ್ನೇ ನೋಡಿದರು. ಹೊಡೆದರು. ಮೂಕ ಚೆಂಡು, ನೆಟ್ಟಗೆ, ಬಾವುಟದ ಬುಡಕ್ಕೆ.

ನನ್ನ ಸರದಿ. ಚೆಂಡಿನ ಹಿಂದೆ ನಿಂತು ಊರಿಗೆಲ್ಲ ಕೇಳುವ ಹಾಗೆ, "ರಾಯರೇ, ನಿಮ್ಮ ಹೊಡೆತ ನೋಡಿ ಹೊಟ್ಟೆ ಉರೀತಿದೆ! ಮಂಡಿ ಬೇರೆ ನಡುಗ್ತಿದೆ!" ಅಂದು ಹೊಡೆದೆ.

ಚೆಂಡು ತುಟಿ ಬಿಚ್ಚಲಿಲ್ಲ. ಬಯಲಿನ ತುಂಬ ಜನ "ಹಾ!" ಅಂತ ಬಾಯಿ ತೆಗೆದು, ನಿಯಮ ನೆನಪಾಗಿ ಕೈ ಅಡ್ಡ ಇಟ್ಟುಕೊಂಡರು. ರಾಯರು ಕಿವಿಯ ಹತ್ತಿ ಕಿತ್ತು ಚೌಡಪ್ಪನವರ ಕಡೆ ತಿರುಗಿದರು. "ಇವಳು ಮಾತಾಡ್ತಿದಾಳೆ!"

"ಮಾತಾಡ್ತಿದಾಳೆ ಸರಿ. ಬೆಲ್ಲಲ್ಲ, ಹುಂಜ ಅಲ್ಲ, ಕುಕ್ಕರಲ್ಲ" ಅಂತ ಚೌಡಪ್ಪನವರು ಬೆರಳು ಮಡಿಸಿದರು. "ನೀವೇ ಹಾಕಿದ ಏಳು ನಿಯಮದಾಗೆ ಇದು ಯಾವುದರಾಗೂ ಬರಲ್ಲ ರಾಯರೇ. ಆಕೆ ಹೊಡೆತ, ಆಕೆ ಬಾಯಿ. ಆಡಿ."

ಮೊದಲ ಕುಳಿ ಅವರದಾಯಿತು. ಎರಡನೆಯದು ಸಮ. ಮೂರನೆಯದರಲ್ಲಿ "ಇವತ್ತು ಉಪ್ಪಿಟ್ಟು ಜಾಸ್ತಿ ತಿಂದೆ, ಬಗ್ಗೋಕಾಗ್ತಿಲ್ಲ" ಅಂತ ಒಪ್ಪಿಕೊಂಡು ಹೊಡೆದೆ, ಗೆದ್ದೆ! ನನ್ನ ಮೈಯೆಲ್ಲ ಜುಮ್ಮೆಂದಿತು. ಜುಮ್ಮೆಂದಿದ್ದನ್ನೂ ಹೇಳಿಬಿಟ್ಟು ನಾಲ್ಕನೆಯದನ್ನು ಆಡಿದೆ. ಅಲ್ಲಿ ರಾಯರು ಮತ್ತೆ ಗೆದ್ದರು. ಜನ ಕುಳಿಯಿಂದ ಕುಳಿಗೆ ನಮ್ಮ ಹಿಂದೆ ತುದಿಗಾಲಲ್ಲಿ ಓಡುತ್ತಿದ್ದರು. ಬಾನು ತನ್ನ ಎರಡೆರಡು ಬಳೆಯನ್ನೂ ಸದ್ದಾಗದಂತೆ ಒತ್ತಿ ಹಿಡಿದು, ಸಾಲದು ಅಂತ ಸೆರಗಿನ ಹಾಗೆ ದುಪ್ಪಟ್ಟಾ ಕಚ್ಚಿಕೊಂಡಿದ್ದಳು.

ಐದನೇ ಕುಳಿಗೆ ನಡೆಯುವಾಗ ಒಂದು ವಿಷಯ ಗಮನಿಸಿದೆ. ಯಾವಾಗಲೂ ಬಿರಬಿರನೆ ಮುಂದೆ ನಡೆಯುವ ರಾಯರು ನಿಂತು ನನಗಾಗಿ ಕಾಯುತ್ತಿದ್ದರು. ಪಕ್ಕಕ್ಕೆ ಬಂದ ಮೇಲೆ ಮೆಲ್ಲಗೆ, "ನಿಜವಾಗ್ಲೂ ಹೊಟ್ಟೆ ಉರೀತಾ?" ಅಂತ ಕೇಳಿದರು.

"ಧಗಧಗ ಅಂತು ರಾಯರೇ."

"ಒಳ್ಳೇ ಹೊಡೆತವೇ ಆಗಿತ್ತು ಅಲ್ವಾ?" ಅಂದರು. ಒಂದು ಕ್ಷಣ ಮುಖದಲ್ಲಿ ನಗು ಬಂತು, ಕೈ ಅಡ್ಡ ಇಡೋದು ಅವರಿಗೇ ಮರೆತುಹೋಗಿತ್ತು. ನೋಡಿದವಳು ನಾನೊಬ್ಬಳೇ, ಹಾಗಾಗಿ ಚೌಡಪ್ಪನವರಿಗೆ ಹೇಳಲಿಲ್ಲ.

ಎಂಟು ಕುಳಿ ಮುಗಿದಾಗ ಇಬ್ಬರೂ ಸಮಸಮ. ಒಂಬತ್ತನೆಯದೇ ತೀರ್ಮಾನ. ಅದೂ ಸಮವಾದರೆ ಗೆದ್ದು ಕೂತವರೇ ಉಳಿಯುತ್ತಾರೆ, ಗಿರಣಿ ಹೋಗುತ್ತೆ.

ಒಂಬತ್ತನೇ ಕುಳಿ ಎದುರಿಗೆ ಗಿರಣಿ ಬಾಗಿಲು ತೆರೆದುಕೊಂಡು ಸುಮ್ಮನೆ ನಿಂತಿತ್ತು. ಮೆಟ್ಟಿಲ ಮೇಲೆ ಹಾಲೇಶ ಕೂತಿದ್ದ. ಆ ಜಾಗದಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಹಗಲು ಹೊತ್ತಿನಲ್ಲಿ ಕೇಳಿಯೇ ಇರಲಿಲ್ಲ. ಚೆಂಡಿನ ಹಿಂದೆ ನಿಂತೆ. "ಗಿರಣಿ ಸದ್ದಿಲ್ಲದೆ ನನಗೆ ಕೋಲು ಹಿಡಿಯೋದೇ ಮರೆತ ಹಾಗಾಗಿದೆ. ರಾಯರಿಗೆ ಸದ್ದಾದ್ರೆ ಕೈ ನಡುಗತ್ತೆ, ನನಗೆ ಸದ್ದಿಲ್ದಿದ್ರೆ!" ಅಂತ ಕೂಗಿ ಹೊಡೆದೆ. ಮೂಕ. ಅಂಗಳದ ಹತ್ತಿರಕ್ಕೆ ಹೋಗಿ ನಿಂತಿತು.

ರಾಯರು ಕಿವಿಗೆ ಹತ್ತಿ ಇಟ್ಟುಕೊಳ್ಳೋಕೆ ಹೋಗಿ, ಯಾಕೋ ಬಿಟ್ಟು, ಜೇಬಿಗೆ ಹಾಕಿಕೊಂಡರು. ನನ್ನ ಕಡೆ ನೋಡಿದರು. ಜನದ ಕಡೆ ನೋಡಿದರು. ಏಳು ವರ್ಷದಲ್ಲಿ ಅವರು ಹೊಡೆಯೋ ಮುಂಚೆ ಯಾರ ಕಡೆಯೂ ನೋಡಿದ್ದು ನನಗೆ ಗೊತ್ತಿಲ್ಲ. ಹೊಡೆದರು.

ಚೆಂಡು ಮಾತಾಡಿತು. "ನನ್ ಜೊತೆ ಯಾರೂ ಆಡಲ್ಲ" ಅಂದಿತು.

ದೊಡ್ಡ ದನಿಯೇನಲ್ಲ. ಆದರೆ ಊರೆಲ್ಲ ಅವರೇ ಹೇಳಿಕೊಟ್ಟ ಹಾಗೆ ಸುಮ್ಮನೆ ನಿಂತಿತ್ತು, ಒಂದಕ್ಷರ ಬಿಡದೆ ಎಲ್ಲರಿಗೂ ಕೇಳಿಸಿತು. ಚೆಂಡು ಗಾಳಿಯಲ್ಲಿ ತಿರುಗಿ ಲಂಟಾನ ಪೊದೆಗೆ ಬಿತ್ತು. ರಾಯರು ತಲೆ ಎತ್ತಲಿಲ್ಲ. ಪೊದೆಯ ಹತ್ತಿರ ಹೋಗಿ, ಮುಳ್ಳಿಗೆ ಷರ್ಟು ಹರಿಸಿಕೊಂಡು ಚೆಂಡು ಈಚೆಗೆ ಹೊಡೆದು, ಹೇಗೋ ಐದನೇ ಹೊಡೆತಕ್ಕೆ ಕುಳಿಗೆ ಸೇರಿಸಿದರು. ನಾನು ಆ ಹೊತ್ತಿಗೆ ಮೂರು ಹೊಡೆತ ಮುಗಿಸಿದ್ದೆ. ನನ್ನ ಚೆಂಡು ಕುಳಿಯಿಂದ ಒಂದು ಸೀರೆಯುದ್ದ ದೂರದಲ್ಲಿತ್ತು. ಈ ಹೊಡೆತಕ್ಕೆ ಒಳಗೆ ಹೋದರೆ ಗಿರಣಿ ನನ್ನದು. ಹೋಗದಿದ್ದರೆ ಸಮವಾಗಬಹುದು, ಸಮವಾದರೆ ಎಲ್ಲಾ ಮುಗೀತು.

ನಾನು ಚೆಂಡಿನ ಹಿಂದೆ ನಿಂತೆ. "ರಾಯರೇ, ನಿಮ್ಮನ್ನ ನೋಡಿ ಅಳು ಬರ್ತಿದೆ" ಅಂದೆ. ಇನ್ನೂ ಏನೋ ಒಳಗಿತ್ತು. "ಸೋತುಬಿಡೋಣ ಅಂತಲೂ ಒಂದು ಗಳಿಗೆ ಅನ್ನಿಸ್ತು" ಅಂದೆ. ಆದರೂ ತಳ ಕಾಣಲಿಲ್ಲ. ಬಾನು ಸನ್ನೆ ಮಾಡಿದಳು, ಪೂರ್ತಿ ಹೇಳು ಅಂತ. ಬೆವರು ಕಣ್ಣಿಗಿಳಿಯುತ್ತಿತ್ತು. "ಆದ್ರೆ ನನಗೆ ಗೆಲ್ಲಬೇಕು! ನಿಮ್ಮನ್ನ ಸೋಲಿಸ್ಬೇಕು! ನಮ್ಮಮ್ಮನ ಗಿರಣಿ ನನಗೆ ಬೇಕು, ಅದು ನಿಂತ್ರೆ ನಾನು ಯಾರು ಅಂತಾನೇ ನನಗೆ ಗೊತ್ತಾಗಲ್ಲ. ಹೆದರಿಕೆ ಆಗ್ತಿದೆ, ತುಂಬಾ ಹೆದರಿಕೆ ಆಗ್ತಿದೆ." ಅಲ್ಲಿಗೆ ಮುಗಿಯಿತು. ಇನ್ನೇನಿದೆ ಅಂತ ಒಳಗೆ ಹುಡುಕಿದೆ, ಏನೂ ಸಿಗಲಿಲ್ಲ. ಕೋಲು ಆಡಿಸಿದೆ.

ಚೆಂಡು ಉರುಳಿತು. ರಂಗೋಲಿ ಗೆರೆ ದಾಟಿತು, ಸಾರಿಸಿದ ನೆಲದ ಮೇಲೆ ನಿಧಾನವಾಯಿತು, ಕುಳಿಯ ಅಂಚಲ್ಲಿ ನಿಂತೇಬಿಟ್ಟಿತು ಅನ್ನುವಾಗ ಒಳಗೆ ಬಿತ್ತು. ಕಟಕ್! ಇಡೀ ಬಯಲಲ್ಲಿ ಅದೊಂದೇ ಸದ್ದು.

ಆಮೇಲೆ ಕೇಳಬೇಕೇ! ರಾಯರು ಸೋತರು ಅಂದರೆ ಏಳೂ ನಿಯಮ ಬಿದ್ದುಹೋದವು. ಯಾರೋ ಸೈಕಲ್ ಬೆಲ್ಲು ಬಾರಿಸಿದ, ಆಮೇಲೆ ಎಲ್ಲರೂ ಬಾರಿಸಿದರು. ಸೊಪ್ಪಿನವಳು ಬುಟ್ಟಿಯಲ್ಲಿ ಏನೂ ಇಲ್ಲದಿದ್ದರೂ "ದಂಟೂ... ಹರಿವೇ... ಮೆಂತ್ಯೇ..." ಅಂತ ಕೂಗಿದಳು. ಹೂವಿನ ಬೀದಿಯಿಂದ ಕುಕ್ಕರ್ ಸೀಟಿ, ಅದಕ್ಕೆ ಕುಂಬಾರಗೇರಿಯಿಂದ ಇನ್ನೊಂದು. ಗದ್ದಲ ಕೇಳಿ ಕೆರೆಯಾಚೆಯ ಹುಂಜಗಳು ಆ ಬಿಸಿಲಲ್ಲಿ ಬೆಳಗಾಯಿತು ಅಂತ ಕೂಗಿದವು. ಜನ ಹಲ್ಲು, ಒಸಡು, ಕಿರುನಾಲಗೆ ಎಲ್ಲಾ ಕಾಣುವ ಹಾಗೆ ನಕ್ಕರು! ಬಾನು ಅಂಗಡಿಗೆ ಓಡಿ, ಮೊಣಕೈವರೆಗೂ ಬಳೆ ಏರಿಸಿಕೊಂಡು ಬಂದು, ಝಲ್ ಝಲ್ ಅಂತ ನನ್ನನ್ನು ತಬ್ಬಿಕೊಂಡಳು. ಹಾಲೇಶ ಮೆಟ್ಟಿಲಿಂದ ಎದ್ದ. ಒಳಗೆ ಹೋಗಿ ಗಿರಣಿಯ ಸ್ವಿಚ್ಚು ಹಾಕಿದ. ಆ ಸದ್ದು ಕೇಳಿದ ಮೇಲೆಯೇ ನಾನು ಅತ್ತಿದ್ದು.

"ನಿನ್ ನಿಯಮ ಏನಮ್ಮ, ಮಂಗಳಮ್ಮ?" ಅಂತ ಚೌಡಪ್ಪನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

ನಾನು ಒಂದು ನಿಯಮ ಯೋಚಿಸಿಟ್ಟಿದ್ದೆ. ಹಬ್ಬಕ್ಕೆ ಮುಂಚೆ ಎಲ್ಲರೂ ಒಟ್ಟಿಗೇ ಕಾಳು ತಂದು ಜಗಳ ಆಡಬಾರದು, ಒಂದೊಂದು ಬೀದಿಗೆ ಒಂದೊಂದು ದಿನ ಅಂತ. ಗಿರಣಿಗೆ ಬಹಳ ಅನುಕೂಲವಾಗುತ್ತಿತ್ತು. ಹೇಳೋಕೆ ಬಾಯಿ ತೆರೆದೆ. ರಾಯರು ಒಬ್ಬರೇ ಆ ಕಡೆ ತಿರುಗಿ, ಹರಿದ ಷರ್ಟಿನಲ್ಲಿ ಕೋಲುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಇಡುತ್ತಿದ್ದರು.

"ಯಾರಾದ್ರೂ ಆಟಕ್ಕೆ ಕರೆದ್ರೆ ಬರಲ್ಲ ಅನ್ನೋ ಹಾಗಿಲ್ಲ" ಅಂದೆ.

ಜನಕ್ಕೆ ಮೊದಲು ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬರೇ ರಾಯರ ಬೆನ್ನಿನ ಕಡೆ ನೋಡಿದರು. ಅವರು ಕೇಳಿಸದವರ ಹಾಗೆ ಅದೇ ಕೋಲನ್ನು ಮತ್ತೆ ಒರೆಸುತ್ತಿದ್ದರು.

ಮಾರನೇ ದಿನ ಗಿರಣಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಬಾಗಿಲಲ್ಲಿ ರಾಯರು ಕಂಡರು, ಕೈಯಲ್ಲಿ ರಾಗಿ ಡಬ್ಬ. ಪೇಟೆಯ ಪೊಟ್ಟಣದ ಹಿಟ್ಟು ತಿನ್ನುವ ಮನುಷ್ಯ, ಇಷ್ಟು ವರ್ಷದಲ್ಲಿ ನನ್ನ ಹೊಸಿಲು ತುಳಿದವರಲ್ಲ. ಸದ್ದಿಗೆ ಮುಖ ಕಿವಿಚಿಕೊಂಡು ಏನೋ ಬಾಯಿ ಆಡಿಸಿದರು.

"ಕೇಳಿಸಲ್ಲ ರಾಯರೇ, ಜೋರಾಗಿ!" ಅಂದೆ.

ಮತ್ತೆ ಬಾಯಿ ಆಡಿತು. ನಾನು ಕಿವಿ ತೋರಿಸಿ ತಲೆ ಅಲ್ಲಾಡಿಸಿದೆ. ಅವರು ಸುತ್ತ ನಿಂತವರನ್ನು ನೋಡಿ, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬುವ ಹಾಗೆ ಕೂಗಿದರು. "ಆಟಕ್ಕೆ ಬರ್ತೀಯೇನಮ್ಮಾ?"

ಸಾಲಲ್ಲಿ ನಿಂತವರೆಲ್ಲ ನನ್ನ ಕಡೆ ತಿರುಗಿದರು. ನಿಯಮ ನನ್ನದೇ, ಬರಲ್ಲ ಅನ್ನೋ ಹಾಗಿರಲಿಲ್ಲ. ಹಾಗೆ ಅನ್ನಬೇಕು ಅಂತ ನನಗೂ ಇರಲಿಲ್ಲ. ಕಲ್ಲಲ್ಲಿ ಏನಿದೆ ಅಂತ ಹಾಲೇಶನ ಕಿವಿಯಲ್ಲೇ ಕಿರುಚಿ ಹೇಳಿ, ಕೈ ಕೊಡವಿಕೊಂಡು ಹೊರಟೆ.

ಮೊದಲ ಕುಳಿಗೆ ರಾಯರು ಚೆಂಡು ಇಟ್ಟರು. ಅದರ ಹಿಂದೆ ನನ್ನ ಹಾಗೆಯೇ ನಿಂತು ಬಾಯಿ ತೆರೆದರು. ಏನೂ ಬರಲಿಲ್ಲ. ಇನ್ನೊಂದು ಸಲ ತೆರೆದರು. "ನನಗೆ ನಿನ್ ಥರ ಹೇಳಕ್ಕೆ ಬರಲ್ಲಮ್ಮ" ಅಂತ ನಾಚಿಕೊಂಡು, ಹಾಗೇ ಹೊಡೆದರು.

ಚೆಂಡು ಕೆರೆಯ ಕಡೆ ವಾಲಿತು, ಈ ಕಡೆ ತಿರುಗಿತು, ಮೇಲೆ ಹೋಯಿತು. ಅದರ ಜನ್ಮದಲ್ಲೇ ಅಷ್ಟು ಸೊಟ್ಟಗೆ ಹೋಗಿರಲಿಲ್ಲ. ಹೋಗುವ ದಾರಿಯುದ್ದಕ್ಕೂ "ಬಂದ್ಲು! ಬಂದ್ಲು! ಬಂದ್ಲು!" ಅಂತ ಕೂಗಿಕೊಂಡೇ ಹೋಗಿ ಕುರಿಗಳ ಮಧ್ಯೆ ಬಿತ್ತು. ರಾಯರು ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಓಡಿದರು.